ಹುಳದ ಮನೆಗೆ ಬಂದ ಆರ್ಕಿಡ್

ಟ್ರ್ಯಾಕ್ಟರ್‌ಗೂ ನನಗೂ ಜಗಳ ಬಿದ್ದದ್ದು ಒಂದು ಖಾಲಿ ಮನೆಯ ವಿಷಯಕ್ಕೆ. ಟ್ರ್ಯಾಕ್ಟರ್ ಪರ ಅಪ್ಪ. ನನ್ನ ಪರ ನಾನೊಬ್ಬಳೇ. ಆದರೂ ಗೆಲ್ಲೋದು ನಾನೇ ಅಂತ ಮೊದಲ ದಿನದಿಂದಲೂ ನನಗೆ ಖಾತ್ರಿ ಇತ್ತು. ಇವಳಿಗೆ ಎಲ್ಲಾ ಮೊದಲೇ ಗೊತ್ತಿರುತ್ತೆ ಅಂತ ಮನೆಯಲ್ಲಿ ರೇಗಿಸುತ್ತಾರೆ. ರೇಗಿಸಲಿ, ನನ್ನ ಗಂಟೇನು ಹೋಗುತ್ತೆ.

ನಮ್ಮೂರು ಶಿಡ್ಲಘಟ್ಟದಿಂದ ಸ್ವಲ್ಪ ಒಳಗೆ. ರೇಷ್ಮೆ ಹುಳ ಸಾಕೋದು ನಮ್ಮ ಬದುಕು. ತೋಟದ ಪಕ್ಕದಲ್ಲೇ ಹೊಸ ಹುಳದ ಮನೆ ಕಟ್ಟಿಸಿದ ಮೇಲೆ, ಮನೆಯ ಗೋಡೆಗೆ ಅಂಟಿಕೊಂಡಿದ್ದ ಹಳೇ ಹುಳದ ಮನೆ ಖಾಲಿ ಬಿತ್ತು. ಬಿಸಿಲಿಗೆ ನಿಂತು ಬಣ್ಣ ಸುಟ್ಟುಕೊಂಡ ಟ್ರ್ಯಾಕ್ಟರನ್ನು ಅಲ್ಲಿಗೆ ಸೇರಿಸಬೇಕು ಅಂತ ಅಪ್ಪನ ಲೆಕ್ಕ. ಮುಂದಿನ ಗೋಡೆ ಒಡೆದು ದೊಡ್ಡ ಬಾಗಿಲು ಇಡಿಸಿದರೆ ಆಯಿತು. ಗಾರೆ ಕೆಲಸದವನಿಗೂ ಮಾತು ಕೊಟ್ಟಾಗಿತ್ತು.

ಗೋಡೆ ಒಡೆಯೋದು ಅಂದ ತಕ್ಷಣ ನನಗೆ ಮೈ ಉರಿಯಿತು. ಆ ಮನೆಯಲ್ಲಿ ಎಷ್ಟು ತಂಪು ಇರುತ್ತೆ, ಎಷ್ಟು ತೇವ ನಿಲ್ಲುತ್ತೆ ಅನ್ನೋದು ನನಗೆ ಗೊತ್ತು. ದಪ್ಪ ಗೋಡೆ, ಮೇಲೊಂದು ಕೆಳಗೊಂದು ಸಾಲು ಜಾಲರಿ ಕಿಟಕಿ, ಕಿಟಕಿಗೆ ಗೋಣಿಪರದೆ. ಬೇಸಿಗೆಯಲ್ಲಿ ಪರದೆಗೆ ನೀರು ಎರಚಿದರೆ ಒಳಗೆ ಬರೋ ಗಾಳಿಯೇ ಬೇರೆ. ಹುಳಕ್ಕೆ ಅಂತ ಕಟ್ಟಿದ ಮನೆ ಆರ್ಕಿಡ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಬೆಂಗಳೂರಿನ ಸುತ್ತ ಜನ ಹಸಿರು ಬಲೆ ಕಟ್ಟಿ, ಮಂಜು ಎರಚೋ ಪೈಪು ಎಳೆದು ಮಾಡೋದನ್ನ ನಮ್ಮ ತಾತ ಎಂದೋ ಕಲ್ಲು ಮಣ್ಣಲ್ಲಿ ಮಾಡಿಟ್ಟಿದ್ದ. ಓದು ಮುಗಿದ ಮೇಲೆ ಊರಿಗೇ ಬಂದು, ಆ ಮನೆಯಲ್ಲಿ ಆರ್ಕಿಡ್ ಬೆಳೆದು, ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿಗೆ ನನ್ನದೇ ಹೂ ಹಾಕಬೇಕು ಅನ್ನೋದು ನನ್ನ ಆಸೆ. ಆಸೆ ಅಲ್ಲ, ಹಟ.

ಹೇಳಿದೆ. ಅಪ್ಪ ನಗಲಿಲ್ಲ, ಅದೇ ದೊಡ್ಡದು. ಅವನು ಕೇಳಿದ್ದು ಒಂದೇ. "ಅದಕ್ಕೆ ಔಷಧಿ ಹೊಡೀಬೇಕಾ?"

ನಮ್ಮ ಕಡೆ ಇದು ಸಣ್ಣ ಪ್ರಶ್ನೆ ಅಲ್ಲ. ಒಂದು ಹನಿ ಕೀಟನಾಶಕ ಗಾಳಿಯಲ್ಲಿ ತೇಲಿ ಬಂದರೂ ಹುಳ ಹೋಗುತ್ತೆ. ದ್ರಾಕ್ಷಿ ತೋಟಕ್ಕೆ ಹೋಗಿ ಬಂದವರು ಸ್ನಾನ ಮಾಡದೆ ಹುಳದ ಮನೆ ಬಾಗಿಲ ಹತ್ತಿರ ಸುಳಿಯೋ ಹಾಗಿಲ್ಲ.

"ಒಂದು ಹನೀನೂ ಹೊಡಿಯಲ್ಲ. ಎಲೆಗೆ ಕೀಟ ಪೂಚಿ ಬಂದ್ರೆ ಹತ್ತೀಲಿ ಒರೆಸ್ತೀನಿ" ಅಂದೆ.

ಅಪ್ಪ ಟ್ರ್ಯಾಕ್ಟರ್ ಕಡೆ ನೋಡಿದ. "ಸರಿ ಕಣಮ್ಮ. ಬಾಯಲ್ಲಿ ಎಲ್ರೂ ಬೆಳೀತಾರೆ. ಯುಗಾದಿ ಒಳಗೆ ಈ ಮನೇಲಿ ಒಂದು ಹೂ ಅರಳಿಸಿ ತೋರ್ಸು. ಅರಳಿದ್ರೆ ಮನೆ ನಿಂದು. ಇಲ್ಲ ಅಂದ್ರೆ ಹಬ್ಬ ಆದ್ಮೇಲೆ ಗೋಡೆ ಒಡೆಸ್ತೀನಿ. ಆಮೇಲೆ ಮುಖ ಊದಿಸ್ಕೊಂಡು ಓಡಾಡಬಾರದು."

"ಊದಿಸ್ಕೊಳ್ಳೋದು ನಾನಲ್ಲ, ನಿನ್ನ ಟ್ರ್ಯಾಕ್ಟರ್ರು" ಅಂದೆ. ಅಮ್ಮ ಒಳಗಿನಿಂದ, "ಬಾಯಿ ನೋಡು ಇವಳ್ದು, ಗೇಣುದ್ದ" ಅಂದಳು.

ನಾನಾಗ ಗೌರಿಬಿದನೂರಿನಲ್ಲಿ ಓದುತ್ತಿದ್ದೆ. ಮಹಡಿ ಮೇಲೊಂದು ಬಾಡಿಗೆ ರೂಮು, ಜೊತೆಗೆ ಚಿಂತಾಮಣಿ ಕಡೆಯ ಒಬ್ಬಳು ಹುಡುಗಿ, ಮತ್ತೆ ನನ್ನ ಆರ್ಕಿಡ್. ಆ ಗಿಡ ಸಿಕ್ಕಿದ್ದೂ ಚಿಂತಾಮಣಿಯಲ್ಲೇ. ಯಾವುದೋ ಮದುವೆಯ ರಿಸೆಪ್ಷನ್‌ಗೆ ಹೋಗಿದ್ದೆ. ಮಾರನೇ ದಿನ ಬೆಳಿಗ್ಗೆ ಛತ್ರದ ಹಿಂದೆ, ಬಾಳೆಎಲೆ ರಾಶಿಯ ಪಕ್ಕ, ವೇದಿಕೆಯ ಮೇಲೆ ಸಾಲಾಗಿ ಇಟ್ಟಿದ್ದ ಕುಂಡಗಳು ಉರುಳಿ ಬಿದ್ದಿದ್ದವು. ಡೆಕೊರೇಷನ್‌ನವನನ್ನು ಕೇಳಿದೆ. "ಹೂ ಹೋದ್ಮೇಲೆ ಅದರಲ್ಲೇನೈತಮ್ಮ, ಬೇಕಾದ್ರೆ ತಗೊಂಡೋಗು" ಅಂದ. ಬಾಡಿದ ಎರಡೆಲೆ, ಕೊಳೆತ ಬೇರು. ಎದೆಗವಚಿಕೊಂಡು ತಂದೆ. ರೇಷ್ಮೆ ಸೀರೆ ಉಟ್ಟುಕೊಂಡು ಕಸದಿಂದ ಗಿಡ ಎತ್ತಿಕೊಂಡು ಬರ್ತಿದಾಳೆ ಅಂತ ನಮ್ಮ ಸೋದರತ್ತೆ ಇವತ್ತಿಗೂ ಆಡಿಕೊಳ್ಳುತ್ತಾರೆ.

ಕೊಳೆತ ಬೇರು ಕತ್ತರಿಸಿ, ಇದ್ದಿಲು ಚೂರು ತೆಂಗಿನ ಮಟ್ಟೆ ಚೂರು ತುಂಬಿ ಹೊಸ ಕುಂಡಕ್ಕೆ ಹಾಕಿದೆ. ರೂಮಿನಲ್ಲಿ ಅದಕ್ಕೆ ಒಪ್ಪಿದ ಜಾಗ ಬಚ್ಚಲುಮನೆಯ ಕಿಟಕಿ. ಬೆಳಗಿನ ಬಿಸಿಲು ಚೂರು, ಬಿಸಿನೀರಿನ ಹಬೆ ಬೇಕಾದಷ್ಟು. "ಸ್ನಾನ ನಾನು ಮಾಡೋದಾ, ನಿನ್ನ ಗಿಡ ಮಾಡೋದಾ? ಅದು ನೋಡ್ತಿರುತ್ತೆ ಕಣೇ, ನಂಗೆ ನಾಚಿಕೆ ಆಗುತ್ತೆ" ಅಂತ ರೂಮ್‌ಮೇಟ್ ಬೈಯೋಳು. ಆದರೆ ಹೊಸ ಎಲೆ ಮೂಡಿದಾಗ ಮೊದಲು ನೋಡಿ ಕೂಗಿಕೊಂಡದ್ದು ಅವಳೇ.

ಗೌರಿಬಿದನೂರಿನ ಬೋರ್ ನೀರು ಬಕೆಟ್ಟಿನ ಅಂಚಿಗೆ ಬೆಳ್ಳಗೆ ಕಟ್ಟುತ್ತೆ. ಆ ನೀರು ಹಾಕಿದರೆ ಆರ್ಕಿಡ್ ಬೇರು ಸುಟ್ಟಂತೆಯೇ. ಅದಕ್ಕೆ ಬೀದಿ ಕೊನೆಯ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರಲ್ಲಿ ಮೊದಲ ಪಾಲು ಗಿಡಕ್ಕೆ, ಉಳಿದದ್ದು ನಮಗೆ. ಕಾಲೇಜಿನಲ್ಲಿ ನನ್ನನ್ನು ಹುಚ್ಚಿ ಅಂದರು. ಮಿಕ್ಕವರ ಗುಲಾಬಿ, ದಾಸವಾಳ ಎಲ್ಲಾ ರಜೆ ಮುಗಿಸಿ ಬರೋದರೊಳಗೆ ಒಣಗಿ ಕಡ್ಡಿಯಾಗಿದ್ದವು. ನನ್ನದು ಚಳಿಗಾಲದಲ್ಲಿ ಹೂಕಡ್ಡಿ ತೆಗೆಯಿತು! ಎಲೆಯ ಬುಡದಿಂದ ಹಸಿರು ಬೆರಳು ಚಾಚಿದ ಹಾಗೆ ಬಂದು, ಉದ್ದವಾಗಿ ಬಾಗಿ, ಅದರ ಮೇಲೆ ಆರು ಮೊಗ್ಗು.

ನಿಂತ ಜಾಗದಲ್ಲೇ ಬಿಟ್ಟಿದ್ದರೆ ಅದು ಬಚ್ಚಲುಮನೆಯಲ್ಲೇ ಅರಳುತ್ತಿತ್ತು. ಆದರೆ ಪಂದ್ಯ ಇದ್ದದ್ದು ಹುಳದ ಮನೆಯಲ್ಲಿ ಅರಳಿಸೋದು. ಮೊಗ್ಗು ಕಟ್ಟಿದ ಆರ್ಕಿಡನ್ನು ಜಾಗ ಬದಲಾಯಿಸೋದು ತುಂಬು ಬಸುರಿಯನ್ನು ಎತ್ತಿನ ಗಾಡಿ ಹತ್ತಿಸಿದ ಹಾಗೆ. ಬಿಸಿಗಾಳಿ ಬಡಿದರೆ ಮೊಗ್ಗು ಉದುರುತ್ತೆ. ಮಾಗಿದ ಹಣ್ಣಿನ ಗಾಳಿ ತಾಕಿದರೂ ಉದುರುತ್ತೆ. ಇದನ್ನೆಲ್ಲಾ ಎರಡು ಬಸ್ಸು ಹತ್ತಿ ಇಳಿದು ಹೇಗೆ ಸಾಗಿಸೋದು ಅಂತ ರೂಮ್‌ಮೇಟ್ ತಲೆ ಮೇಲೆ ಕೈ ಹೊತ್ತಳು. ನನಗೇನೂ ಚಿಂತೆ ಇರಲಿಲ್ಲ. ನಾನು ಚಾಕಿ ಹೊತ್ತು ಬೆಳೆದವಳು.

ಚಾಕಿ ಅಂದರೆ ರೇಷ್ಮೆ ಹುಳದ ಎಳೆ ಮರಿ. ಚಾಕಿ ಕೇಂದ್ರದಿಂದ ಅದನ್ನು ಮನೆಗೆ ತರೋದು ಒಂದು ವಿದ್ಯೆ. ಬೆಳಗಿನ ತಂಪಿನಲ್ಲೇ ಹೊರಡಬೇಕು, ಒದ್ದೆ ಗೋಣಿ ಸುತ್ತಬೇಕು, ಕುಲುಕಬಾರದು, ದಾರಿಯಲ್ಲಿ ಕಾಫಿಗೆ ಅಂತ ನಿಲ್ಲಬಾರದು. ಚಿಕ್ಕವಳಿದ್ದಾಗ ಅಪ್ಪನ ಗಾಡಿ ಹಿಂದೆ ಕೂತು ತೊಡೆ ಮೇಲೆ ಚಾಕಿ ಇಟ್ಟುಕೊಂಡು ಬರುತ್ತಿದ್ದವಳು ನಾನೇ. ಅದೇ ವಿದ್ಯೆ ಇದಕ್ಕೂ ಸಾಕು ಅಂದುಕೊಂಡೆ. ತರಕಾರಿ ಅಂಗಡಿಯವರ ಹತ್ತಿರ ಒಂದು ಟೊಮ್ಯಾಟೊ ಕ್ರೇಟ್ ಇಸಕೊಂಡೆ. ಸುತ್ತ ಒದ್ದೆ ಗೋಣಿ, ಕುಂಡ ಅಲ್ಲಾಡದ ಹಾಗೆ ಹಳೇ ಬಟ್ಟೆ, ಹೂಕಡ್ಡಿಗೆ ಬಿದಿರು ಕಡ್ಡಿಯ ಆಸರೆ, ಮೇಲೆ ಪೇಪರ್ ಗೋಪುರ. ಬೆಳಗಿನ ಮೊದಲ ಬಸ್ಸು ಹಿಡಿದೆ.

ಚಿಕ್ಕಬಳ್ಳಾಪುರದವರೆಗೆ ಏನೂ ತೊಂದರೆ ಆಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಶಿಡ್ಲಘಟ್ಟದ ಬಸ್ಸು ಹತ್ತಿದೆ ನೋಡಿ, ಪಕ್ಕದ ಸೀಟಿಗೆ ಒಬ್ಬ ಅಜ್ಜಿ ಬಂದು ಕೂತರು. ಗೃಹಪ್ರವೇಶಕ್ಕೆ ಹೊರಟವರು. ಮಡಿಲಲ್ಲಿ ಎರಡು ಚಿಪ್ಪು ಬಾಳೆಹಣ್ಣು, ಕಾಲ ಹತ್ತಿರ ಒಂದು ಚೀಲ ಸೀಬೆಹಣ್ಣು. ಎಲ್ಲಾ ಮಾಗಿ ಘಮ್ಮೆನ್ನುತ್ತಿದ್ದವು. ಕ್ರೇಟನ್ನು ಆದಷ್ಟು ಆಚೆಗೆ ಸರಿಸಿದೆ. ಬಸ್ಸಿನಲ್ಲಿ ನಿಲ್ಲೋಕೂ ಜಾಗ ಇಲ್ಲ.

"ಏಂದಮ್ಮಾ ಇದಿ?" ಅಂತ ಅಜ್ಜಿ ತೆಲುಗಿನಲ್ಲಿ ಕೇಳಿ, ಪೇಪರ್ ಗೋಪುರಕ್ಕೆ ಬೆರಳು ತಾಗಿಸಿದರು. "ಚಾಕೀನಾ?"

ಆರ್ಕಿಡ್ ಅಂದರೆ ಕಥೆ ಎಲ್ಲಿಂದ ಶುರು ಮಾಡೋದು? "ಹೂಂ ಅಜ್ಜಿ, ಚಾಕಿ" ಅಂದುಬಿಟ್ಟೆ.

ಅಯ್ಯೋ, ಆ ಒಂದು ಮಾತಿಗೆ ಬಸ್ಸು ಬಸ್ಸೇ ಬದಲಾಯಿತು. ಅಜ್ಜಿ ಹಣ್ಣು ಎತ್ತಿಕೊಂಡು ಎದ್ದರು. "ಲೇ, ಯಾರಾದ್ರೂ ಹಿಂದೆ ಸೀಟು ಕೊಡ್ರಪ್ಪ, ಮಗು ಚಾಕಿ ತಗೊಂಡು ಹೋಗ್ತೈತೆ, ಹಣ್ಣಿನ ವಾಸನೆ ಬಡೀಬಾರದು" ಅಂದರು. ಹಿಂದಿನ ಸೀಟಿನಿಂದ ಒಬ್ಬರು ಎದ್ದರು. ಬಿಸಿಲು ಬೀಳುವ ಕಡೆ ಇನ್ಯಾರೋ ಪರದೆ ಎಳೆದರು. ತಲೆತುಂಬ ಮಲ್ಲಿಗೆ ಮುಡಿದಿದ್ದ ಒಬ್ಬಾಕೆ ತಾನಾಗಿಯೇ ಮುಂದಕ್ಕೆ ಸರಿದರು. ಕಂಡಕ್ಟರ್ ಡ್ರೈವರ್‌ಗೆ ಕೂಗಿ, "ಅಣ್ಣಾ, ಹಂಪ್ಸ್ ನೋಡ್ಕೊಂಡು, ಚಾಕಿ ಐತೆ" ಅಂದ. ರಾಜಕಾರಣಿಗೂ ಸಿಗದ ಮರ್ಯಾದೆ ನನ್ನ ಟೊಮ್ಯಾಟೊ ಕ್ರೇಟಿಗೆ ಸಿಕ್ಕಿತು. ನಾನು ಸುಳ್ಳು ಹೇಳಿದ್ದೆ, ಹೌದು. ಒಂದು ಚೂರೂ ಬೇಜಾರಾಗಲಿಲ್ಲ. ಎಳೆ ಜೀವ ಎರಡೂ.

ಶಿಡ್ಲಘಟ್ಟದಲ್ಲಿ ಅಪ್ಪ ಗಾಡಿ ತಂದು ಕಾಯುತ್ತಿದ್ದ. ನನ್ನ ಹಿಂದೆಯೇ ಇಳಿದ ಆ ಅಜ್ಜಿ, "ಮಗಳು ಚಾಕೀನ ಕೂಸಿನ ಹಾಗೆ ತಂದವ್ಳೆ ಕಣಪ್ಪ" ಅಂತ ಅಪ್ಪನಿಗೇ ಶಿಫಾರಸು ಮಾಡಿದರು. ಅಪ್ಪ ಪೇಪರ್ ಸರಿಸಿ ಒಳಗೆ ನೋಡಿದ. ಆರಕ್ಕೆ ಆರೂ ಮೊಗ್ಗು ಇದ್ದವು. "ಒಳ್ಳೇ ಚಾಕಿ" ಅಂದ, ಅಷ್ಟೇ. ಊರಿನವರೆಗೆ ಗಾಡಿಯನ್ನು ನಡೆಸಿಕೊಂಡು ಹೋದ ಹಾಗೇ ಓಡಿಸಿದ.

ಹುಳದ ಮನೆಯಲ್ಲಿ, ಪೂರ್ವದ ಕಿಟಕಿ ಹತ್ತಿರ, ಹಳೇ ಸ್ಟ್ಯಾಂಡಿನ ಮೇಲೆ ಕುಂಡ ಇಟ್ಟೆ. ನನಗೆ ಪರೀಕ್ಷೆ ಇತ್ತು, ವಾಪಸ್ ಹೋಗಲೇಬೇಕಿತ್ತು. ಅಮ್ಮನನ್ನು ಕೂರಿಸಿಕೊಂಡು ಪಾಠ ಹೇಳಿದೆ. ಬೋರ್ ನೀರು ಬೇಡ, ಫಿಲ್ಟರ್ ನೀರೇ ಹಾಕು. ಜಾಸ್ತಿ ಹಾಕಬೇಡ. ಕುಂಡ ತಿರುಗಿಸಬೇಡ. ಪರದೆ ಒದ್ದೆ ಇರಲಿ. ಅಮ್ಮ ಎಲ್ಲದಕ್ಕೂ ಹೂಂ ಅಂದಳು. ಅಪ್ಪ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡ, ಕೇಳಿಸಿಕೊಳ್ಳದ ಹಾಗೆ. "ಗಾರೆಯವನಿಗೆ ಹಬ್ಬ ಕಳೀಲಿ ಅಂದಿದೀನಿ" ಅಂತ ನನ್ನನ್ನು ಕೆಣಕಿದ. "ಅವನಿಗೆ ಬೇರೆ ಕೆಲಸ ಹುಡುಕ್ಕೋ ಅನ್ನು" ಅಂದೆ. ಗೆದ್ದೇಬಿಟ್ಟೆ ಅಂದುಕೊಂಡು ಬಸ್ಸು ಹತ್ತಿದೆ.

ಪರೀಕ್ಷೆಗಳ ಮಧ್ಯೆ ಒಂದು ಮಧ್ಯಾಹ್ನ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.

"ಹೂ ಬಿಡ್ತಾ?"

"ಇನ್ನೂ ಇಲ್ಲ ಕಣೇ. ಜ್ವರಕ್ಕೆ ಕೂತೈತೆ."

"ಏನು?"

"ಜ್ವರ ಕಣೇ. ಅಲ್ಲಾಡಲ್ಲ, ಬೆಳೆಯಲ್ಲ, ಮೊಗ್ಗು ತಲೆ ಎತ್ತಿಕೊಂಡು ಹಂಗೇ ಕೂತವೆ."

ಹೊರಗಿನವರಿಗೆ ಇದು ಅರ್ಥ ಆಗಲಿಕ್ಕಿಲ್ಲ. ಹುಳ ಬೆಳೆಯುವಾಗ ಆಗಾಗ ಪೊರೆ ಬಿಡುತ್ತೆ. ಅದಕ್ಕೆ ಮುಂಚೆ ಸೊಪ್ಪು ತಿನ್ನೋದು ನಿಲ್ಲಿಸಿ, ತಲೆ ಎತ್ತಿ ಸುಮ್ಮನೆ ಕೂತುಬಿಡುತ್ತೆ. ಅದನ್ನೇ ಜ್ವರ ಅನ್ನೋದು. ಆಗ ಹುಳವನ್ನು ಯಾರೂ ಮುಟ್ಟಬಾರದು, ಸೊಪ್ಪು ಹಾಕಬಾರದು. ಹಾಸಿಗೆ ಒಣಗಿರಲಿ, ರೋಗ ಹತ್ತದಿರಲಿ ಅಂತ ಮೇಲೆ ತೆಳ್ಳಗೆ...

"ಅಮ್ಮಾ, ಫೋನ್ ಗಿಡದ ಹತ್ರ ಹಿಡಿ."

ಹಿಡಿದಳು. ಎಲೆ ಬೆಳ್ಳಗೆ. ಮೊಗ್ಗು ಬೆಳ್ಳಗೆ. ಇದ್ದಿಲಿನ ಮೇಲೆಲ್ಲಾ ಬೆಳ್ಳಗೆ.

"ಏನಮ್ಮಾ ಅದು?"

"ಸುಣ್ಣ ಕಣೇ. ಜ್ವರಕ್ಕೆ ಇನ್ನೇನು ಹಾಕ್ತಾರೆ? ಜರಡಿ ಹಿಡಿದೇ ಹಾಕಿರೋದು."

ಬೋರ್ ನೀರು ಹಾಕಬೇಡಿ ಅಂತ ಹೇಳಿದ್ದೆ. ಗಿಡಕ್ಕೆ ಸುಣ್ಣ ಜರಡಿ ಹಿಡಿಯಬೇಡಿ ಅಂತ ಹೇಳಬೇಕು ಅನ್ನೋದು ಲೋಕದಲ್ಲಿ ಯಾರಿಗಾದರೂ ಹೊಳೆಯುತ್ತಾ? ಯಾವ ನೀರಿನಲ್ಲಿರೋ ಸುಣ್ಣಕ್ಕೆ ಹೆದರಿ ಕ್ಯಾನ್ ಹೊತ್ತು ಹೊತ್ತು ಸೊಂಟ ಬಿದ್ದುಹೋಗಿತ್ತೋ, ಆ ಸುಣ್ಣವನ್ನು ಇವರು ಮುಷ್ಟಿಗಟ್ಟಲೆ ಹಾಕಿದ್ದರು. ಫೋನಿನಲ್ಲೇ ಕೂಗಾಡಿದೆ. ಪರೀಕ್ಷೆ ಮುಗಿದ ದಿನವೇ ಬಸ್ಸು ಹಿಡಿದು ಬಂದೆ.

ಬಂದವಳು ಅಮ್ಮನ ಮುಖ ಕೂಡ ನೋಡದೆ ಹುಳದ ಮನೆಗೆ ನುಗ್ಗಿದೆ. ಎಲೆಗಳನ್ನು ಒಂದೊಂದಾಗಿ ತೊಳೆದೆ, ಕುಂಡ ಬಿಚ್ಚಿದೆ, ಇದ್ದಿಲು ಸುರಿದು ಹೊಸದು ತುಂಬಿದೆ. ಬೇರಿನ ತುದಿಗಳು ಕಂದು ತಿರುಗಿದ್ದವು. ಮೊಗ್ಗುಗಳು ಹಳದಿಯಾಗಿದ್ದವು. ಬುಡದ ಮೊಗ್ಗು ನನ್ನ ಕೈಯಲ್ಲೇ ಉದುರಿತು. ಆಮೇಲೆ ಉಳಿದವೂ ಒಂದೊಂದೇ ಉದುರಿದವು. ತುದಿಯದೊಂದು ಉಳಿಯುತ್ತೆ ಅಂತ ನಾನು ಕಾದಿದ್ದೇ ಬಂತು. ಅದೂ ಹೋಯಿತು. ಜೋರಾಗಿ ಅತ್ತೆ. ನಾನು ಸುಮ್ಮಸುಮ್ಮನೆ ಅಳೋಳಲ್ಲ, ಆದರೆ ಅವತ್ತು ಅತ್ತೆ.

"ಎಷ್ಟು ಸಲ ಹೇಳಿದ್ದೆ ನಿಂಗೆ! ಮುಟ್ಟಬೇಡ ಅಂದ್ರೆ ಮುಟ್ಟಬಾರದು!" ಅಂತ ಅಮ್ಮನ ಮೇಲೆ ಎಗರಾಡಿದೆ.

ಅಮ್ಮ ತುಂಬಾ ಹೊತ್ತು ಬೈಸಿಕೊಂಡಳು. ಕೊನೆಗೆ ಅವಳಿಗೂ ರೇಗಿತು. "ನಾನ್ಯಾಕೆ ಮುಟ್ಲಿ? ನಂಗೆ ಗಿಡ ಮುಟ್ಟೋಕೆ ಬಿಟ್ಟಿದ್ರೆ ತಾನೆ! ನಿಮ್ಮಪ್ಪನ್ನ ಕೇಳು."

ನಾನು ಆ ಮನೆಯನ್ನು ಸರಿಯಾಗಿ ನೋಡಿದ್ದು ಆಗಲೇ. ಕಿಟಕಿಯ ಗೋಣಿಪರದೆ ಹೊಸದು. ಗಿಡದ ಸ್ಟ್ಯಾಂಡಿನ ಕಾಲುಗಳು ನೀರು ತುಂಬಿದ ಬಟ್ಟಲಲ್ಲಿ ನಿಂತಿದ್ದವು. ಹುಳಕ್ಕೆ ಇರುವೆ ಹತ್ತದ ಹಾಗೆ ಇಡೋದೂ ಹಾಗೇ. ಬಿಸಿ, ತೇವ ಎರಡೂ ಅಳೆಯುವ ಥರ್ಮಾಮೀಟರು ನಮ್ಮಲ್ಲಿರೋದು ಒಂದೇ. ಅದು ಹೊಸ ಹುಳದ ಮನೆಯಲ್ಲಿ ಇರಬೇಕಿತ್ತು. ಇಲ್ಲಿ, ನನ್ನ ಕುಂಡದ ಪಕ್ಕದ ಮೊಳೆಗೆ ನೇತು ಹಾಕಿತ್ತು. ಇಲ್ಲಿ ಹುಳ ಇದ್ದಾಗ ಬಾಗಿಲ ಹೊರಗೆ ಅಪ್ಪ ಚಪ್ಪಲಿ ಬಿಡುತ್ತಿದ್ದ ಕಲ್ಲು ಮತ್ತೆ ಬಂದು ಕೂತಿತ್ತು.

ಅಪ್ಪ ತೋಟದಿಂದ ಬಂದಾಗ ಉದುರಿದ ಮೊಗ್ಗು ಅಂಗೈಯಲ್ಲಿಟ್ಟು ತೋರಿಸಿದೆ. ಅವನು ಮೊಗ್ಗುಗಳನ್ನು ನೋಡಿದ. ಒಂದನ್ನು ಎತ್ತಿ ಬೆರಳಲ್ಲಿ ಹೊರಳಿಸಿದ. "ನಂಗೆ ಗೊತ್ತಾಗ್ಲಿಲ್ಲ ಕಣಮ್ಮ" ಅಂದ. ಆಮೇಲೆ ಕೈಕಾಲು ತೊಳೆಯೋಕೆ ಹೋದ. ಊಟಕ್ಕೆ ಕೂತಾಗ ಪಂದ್ಯದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಗಿಡವನ್ನು ಮತ್ತೆ ಕ್ರೇಟಿನಲ್ಲಿಟ್ಟು ಗೌರಿಬಿದನೂರಿಗೆ ತಗೊಂಡು ಹೋದೆ. ಬಸ್ಸಿನಲ್ಲಿ ಯಾರೋ ಏನಮ್ಮ ಅದು ಅಂದಾಗ ಗಿಡ ಅಂದೆ. ಯಾರೂ ಸೀಟು ಬಿಡಲಿಲ್ಲ. ಬಚ್ಚಲು ಕಿಟಕಿ, ಫಿಲ್ಟರ್ ನೀರು, ರೂಮ್‌ಮೇಟ್‌ಳ ಬೈಗುಳ ಎಲ್ಲಾ ಮೊದಲಿನ ಹಾಗೇ ಶುರುವಾಯಿತು. ಯುಗಾದಿಗೆ ಹೊರಡುವ ಮುಂಚೆ ನೋಡಿದೆ, ಬುಡದಲ್ಲಿ ಒಂದು ಹಸಿರು ಬೇರಿನ ತುದಿ, ಜೀವಂತ. ಸತ್ತಿಲ್ಲ, ಸಾಯೋದೂ ಇಲ್ಲ. ಮನೆ ಹೋದರೆ ಹೋಗಲಿ, ಇನ್ನೆಲ್ಲಾದರೂ ಬೆಳೆದೇ ತೋರಿಸುತ್ತೀನಿ ಅಂದುಕೊಂಡು ಅದನ್ನೂ ಕ್ರೇಟಿನಲ್ಲಿಟ್ಟುಕೊಂಡು ಊರಿಗೆ ಹೊರಟೆ. ಅಪ್ಪನಿಗೆ ಆ ಬೇರು ತೋರಿಸಬೇಕಿತ್ತು. ಅವನು ಕೊಂದಿಲ್ಲ ಅಂತ ಅವನಿಗೆ ಗೊತ್ತಾಗಬೇಕಿತ್ತು.

ಮನೆ ಮುಂದೆ ಟ್ರ್ಯಾಕ್ಟರ್ ಬಿಸಿಲಲ್ಲೇ ನಿಂತಿತ್ತು. ಮೇಲೆ ಹೊಸ ನೀಲಿ ಟಾರ್ಪಾಲು ಬಿಗಿದು ಕಟ್ಟಿತ್ತು. ಹುಳದ ಮನೆಯ ಬಾಗಿಲಿನಿಂದ ನೀರು ಹರಿದು ಅಂಗಳಕ್ಕೆ ಬರುತ್ತಿತ್ತು. ಒಳಗೆ ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಪೈಪು ಹಿಡಿದು ನೆಲ ತೊಳೆಯುತ್ತಿದ್ದ. ಹಳೇ ಸ್ಟ್ಯಾಂಡುಗಳೆಲ್ಲಾ ಸಾಲಾಗಿ ನಿಂತಿದ್ದವು. ಗೋಡೆ ಇದ್ದ ಹಾಗೇ ಇತ್ತು.

"ಇದೇನಪ್ಪ, ಹಬ್ಬಕ್ಕಾ?" ಅಂದೆ.

"ಬೆಳೆ ಕೆಟ್ಟ ಮೇಲೆ ಏನ್ಮಾಡ್ತೀವಿ? ಮನೆ ತೊಳೆದು ಮುಂದಿನ ಚಾಕಿ ತರ್ತೀವಿ."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಹೂ ಅರಳಿಲ್ಲ. ಪಂದ್ಯ ಅಂದ್ರೆ ಪಂದ್ಯ. ಅಯ್ಯೋ ಪಾಪ ಅಂತ ಕೊಡೋದಾದ್ರೆ ನಂಗೆ ಬೇಡ."

"ಯಾರೇ ನಿನ್ನ ಪಾಪ ಅಂದಿದ್ದು?" ಅಪ್ಪನಿಗೆ ನಿಜವಾಗಲೂ ಸಿಟ್ಟು ಬಂತು. "ಎರಡು ಬಸ್ಸಲ್ಲಿ ಒಂದು ಮೊಗ್ಗೂ ಉದುರದ ಹಾಗೆ ತಂದವಳು ನೀನು. ಮನೇಲಿಟ್ಟು ಕೆಡಿಸಿದವನು ನಾನು. ಸೋತಿದ್ಯಾರು, ಹೇಳು?"

ಕ್ರೇಟನ್ನು ಬಾಗಿಲ ಹತ್ತಿರ ಇಳಿಸಿದೆ.

ಆಗ ಒಂದು ವಿಷಯ ಗಮನಕ್ಕೆ ಬಂತು. ಬೆಳೆ ಬೆಳೆಗೂ ಹುಳದ ಮನೆ ತೊಳೆಯುವಾಗ ಬ್ಲೀಚಿಂಗ್ ಪೌಡರ್ ಕಲಸಿದ ನೀರು ಹಾಕುತ್ತಾರೆ. ಕಣ್ಣಲ್ಲಿ ನೀರು ಬರೋ ಆ ಘಾಟು ಇಲ್ಲದೆ ಅಪ್ಪ ಆ ನೆಲ ತೊಳೆದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಅವತ್ತು ಘಾಟು ಇರಲಿಲ್ಲ. ಒದ್ದೆ ಕಲ್ಲಿನ ವಾಸನೆ ಮಾತ್ರ. ಬಾಗಿಲ ಮೂಲೆಯಲ್ಲಿ ಶಿಡ್ಲಘಟ್ಟದಿಂದ ತಂದ ಫಿಲ್ಟರ್ ನೀರಿನ ಕ್ಯಾನುಗಳು ಖಾಲಿಯಾಗಿ ಉರುಳಿದ್ದವು. ಸ್ಟ್ಯಾಂಡುಗಳನ್ನು ಆ ನೀರಲ್ಲೇ ಒರೆಸಿದ್ದ.

ನಾನು ಮೂಗು ಎಳೆದಿದ್ದು ಕಂಡು ಅಪ್ಪ ಪೈಪು ನಿಲ್ಲಿಸಿದ. "ಬ್ಲೀಚಿಂಗ್ ಹಾಕಿಲ್ಲ ಕಣಮ್ಮ" ಅಂದ. "ಸುಣ್ಣಾನೂ ಹಾಕಿಲ್ಲ. ಬರೀ ನೀರು. ಸಾಕಲ್ವಾ?"

"ಸಾಕಪ್ಪ" ಅಂದೆ. ಕ್ರೇಟ್ ಎತ್ತಿಕೊಂಡು, ಕಲ್ಲಿನ ಹತ್ತಿರ ಅವನ ಚಪ್ಪಲಿ ಪಕ್ಕ ನನ್ನದೂ ಬಿಟ್ಟು, ಒಳಗೆ ಹೋದೆ.